ಹಾಸ್ಟೆಲ್‌ನಲ್ಲಿ ತೂಕದ ಮಷೀನ್ ಇಡೋದಾ, ಬೇಡವಾ?

ಹಾಸ್ಟೆಲ್ ಅಕ್ಕ
ಭಾನುವಾರ, ರಾತ್ರಿ 9:40

ಧಾರವಾಡದ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದೇನೆ. ಒಟ್ಟು 140 ಹುಡುಗಿಯರು. ಗದಗ, ಹಾವೇರಿ, ಬಾಗಲಕೋಟೆ ಕಡೆಯವರೇ ಜಾಸ್ತಿ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ಬುತ್ತಿ ಗೊತ್ತಲ್ಲ ನಿಮಗೆಲ್ಲ. ಹಳ್ಳಿಯವರು ಬೆಳಗಿನ ಬಸ್ಸಿಗೆ ಮಕ್ಕಳ ಬುತ್ತಿ ಹಾಕಿ ಕಳಿಸುವುದು ಧಾರವಾಡಕ್ಕೆ ಹೊಸದಲ್ಲ. ನಮ್ಮಲ್ಲಿ ಮೆಸ್ ಇದ್ದರೂ ರೋಣದ ಕಡೆಯ ಒಬ್ಬ ಹುಡುಗಿಗೆ ಪ್ರತಿ ಶನಿವಾರ ಬುತ್ತಿ ಬರುತ್ತದೆ. ಬಿಳಿ ಅರಿವೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು. ಸೋಮವಾರ ಡಬ್ಬಿಗಳೆಲ್ಲ ತಿಕ್ಕಿ ತೊಳೆದು ಅದೇ ಬಸ್ಸಿನಲ್ಲಿ ಊರಿಗೆ ವಾಪಸ್. ಖಾಲಿ ಡಬ್ಬಿ ನೋಡಿ ಅವರ ಅವ್ವನಿಗೆ ಸಮಾಧಾನ.

ಹೋದ ವಾರ ಕಸ ಹೊಡೆಯುವ ಅಕ್ಕ ನನ್ನನ್ನು ಕರೆದು ಅವಳ ಮಂಚದ ಕೆಳಗೆ ತೋರಿಸಿದರು. ಮೂರು ಪ್ಲಾಸ್ಟಿಕ್ ಚೀಲ. ಮೂರು ವಾರದ ರೊಟ್ಟಿ. ಅರಿವೆಯಿಂದ ಬಿಚ್ಚಿ, ಪೇಪರಿನಲ್ಲಿ ನೀಟಾಗಿ ಸುತ್ತಿ ಇಟ್ಟಿದ್ದಳು. ಒಂದೂ ಮುರಿದಿರಲಿಲ್ಲ. ಚಟ್ನಿ ಪುಡಿ ಬೇರೆ ಬೇರೆ ಕವರಿನಲ್ಲಿ. ಮೊಸರು ಬಚ್ಚಲಿಗೆ ಹೋಗಿರಬೇಕು. ತಿನ್ನಲು ಆಗಿಲ್ಲ, ಅವ್ವ ಬಡಿದ ರೊಟ್ಟಿ ಎಸೆಯಲು ಮನಸ್ಸೂ ಬಂದಿಲ್ಲ.

ಹುಡುಗಿ ಸೊರಗಿದ್ದಾಳೆ. ಕೇಳಿದರೆ "ಇವತ್ತ ಉಪವಾಸ ಐತ್ರಿ ಮ್ಯಾಡಮ್" ಅನ್ನುತ್ತಾಳೆ. ಇಲ್ಲಾಂದ್ರೆ "ಈಗರ ಗೆಳತಿ ರೂಮಿನ್ಯಾಗ ತಿಂದ್ಯಾರಿ" ಅನ್ನುತ್ತಾಳೆ. ಇವಳೊಬ್ಬಳೇ ಅಲ್ಲ, ಇನ್ನೂ ನಾಲ್ಕೈದು ಜನರ ಮೇಲೆ ನನಗೆ ಅನುಮಾನ ಇದೆ.

ಕಾಲೇಜಿನವರಿಗೆ ಹೇಳಿದೆ. ಜಾಗೃತಿ ಕಾರ್ಯಕ್ರಮ ಮಾಡಿ ಅಂದರು. ಎಲ್ಲರ ತೂಕ ತೆಗೆದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಾಕಿ, ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚುವುದು. ಆಮೇಲೆ ಒಂದು ತಾಸು ಸ್ಲೈಡ್ ತೋರಿಸಿ ಭಾಷಣ. ಹೊಸ ತೂಕದ ಮಷೀನ್ ಬಂದೂ ಆಗಿದೆ. ಮೆಸ್ ಬಾಗಿಲಲ್ಲಿ ಇಡಿ ಅಂತಿದ್ದಾರೆ. ಯಾಕೋ ಇದು ಸರಿ ಅನ್ನಿಸುತ್ತಿಲ್ಲ. ಏನಂತೀರಿ?

ಖಡಕ್ ರೊಟ್ಟಿ
ಭಾನುವಾರ, ರಾತ್ರಿ 9:52

ಮೇಡಮ್, ಮೊದಲು ಮೆಸ್ ಊಟ ಚಲೋ ಮಾಡಿಸಿ. ಅರ್ಧ ರೋಗ ಅಲ್ಲೇ ವಾಸಿ ಆಗುತ್ತದೆ. ನಾನೂ ಹಾಸ್ಟೆಲ್‌ನಲ್ಲಿ ಇದ್ದವನೇ. ಆ ಸಾರಿನಲ್ಲಿ ಬೇಳೆ ಹುಡುಕಲು ಬ್ಯಾಟರಿ ಬೇಕಿತ್ತು.

ಮೂರನೇ ಮಹಡಿ
ಭಾನುವಾರ, ರಾತ್ರಿ 11:15

ಅಕ್ಕಾ, ಮಷೀನ್ ಬೇಡ. ಪಟ್ಟಿಯಂತೂ ಬೇಡವೇ ಬೇಡ.

ನಾನು ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಡಿಗ್ರಿ ಮೊದಲ ವರ್ಷದಲ್ಲಿ ನಮ್ಮ ಕಾಲೇಜಿನಲ್ಲಿ ಇಂಥದ್ದೇ ಒಂದು ಆರೋಗ್ಯ ಶಿಬಿರ ಆಯಿತು. ಸಾಲಾಗಿ ನಿಲ್ಲಿಸಿ ತೂಕ ನೋಡಿದರು. ಒಬ್ಬರು ಜೋರಾಗಿ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ನನ್ನ ಸರದಿ ಬಂದಾಗ ಹಿಂದೆ ಯಾರೋ ಕಿಸಕ್ ಅಂದರು. ಅಷ್ಟೇ ಆಗಿದ್ದು. ಆ ಸಂಖ್ಯೆ ಇವತ್ತಿಗೂ ನೆನಪಿದೆ. ಇಲ್ಲಿ ಬರೆಯುವುದಿಲ್ಲ. ನನ್ನಂಥವಳು ಯಾರಾದರೂ ಓದಿದರೆ ತಕ್ಷಣ ತನ್ನದರ ಜೊತೆ ಹೋಲಿಸುತ್ತಾಳೆ, ಅದು ನನಗೆ ಗೊತ್ತು.

ಮೊದಲು ಸೋಮವಾರ ಉಪವಾಸ ಹಿಡಿದೆ. ಆಮೇಲೆ ಗುರುವಾರ, ಶನಿವಾರ, ನಡುವೆ ಸಂಕಷ್ಟಿ, ಏಕಾದಶಿ. ನಮ್ಮ ಅಜ್ಜಿಗೆ ಖುಷಿಯೋ ಖುಷಿ, ಮೊಮ್ಮಗಳಿಗೆ ಎಷ್ಟು ಭಕ್ತಿ ಅಂತ. ಊಟ ಬಿಡುವವಳಿಗೆ ನಮ್ಮ ಪಂಚಾಂಗದಲ್ಲಿ ಕಾರಣಕ್ಕೆ ಬರ ಇಲ್ಲ. ನಮ್ಮ ಅಜ್ಜಿಯ ಉಪವಾಸಕ್ಕೂ ನನ್ನದಕ್ಕೂ ಒಂದೇ ವ್ಯತ್ಯಾಸ. ಅವರು ಮರುದಿನ ಪಾರಣೆ ಮಾಡಿ ಹೋಳಿಗೆ ಉಣ್ಣುತ್ತಿದ್ದರು. ನನಗೆ ಪಾರಣೆ ಅಂದರೇ ಹೆದರಿಕೆ.

ಇಳಿಯುತ್ತಾ ಹೋದಾಗ ಎಲ್ಲರೂ ಹೊಗಳಿದರು. "ಏನವಾ, ಎಷ್ಟ ಸ್ಮಾರ್ಟ್ ಆಗೀ!" ಒಂದು ಮದುವೆಯಲ್ಲಿ ದೊಡ್ಡಮ್ಮ "ಈಗ ಕನ್ಯಾ ತೋರಿಸಾಕ ಅಡ್ಡಿ ಇಲ್ಲ" ಅಂದರು. ಮೇ ತಿಂಗಳಲ್ಲಿ ಸ್ವೆಟರ್ ಹಾಕಿ ಕೂತಿದ್ದು ಯಾರಿಗೂ ಕಾಣಲಿಲ್ಲ. ಬಚ್ಚಲ ಜಾಲರಿಯಲ್ಲಿ ಸಿಕ್ಕಿಬೀಳುವ ಕೂದಲನ್ನು ಯಾರೂ ನೋಡುವ ಮೊದಲೇ ತೆಗೆಯುತ್ತಿದ್ದೆ. ಮುಟ್ಟು ನಿಂತಿದ್ದನ್ನು ಅವ್ವನಿಗೂ ಹೇಳಲಿಲ್ಲ. ರಾತ್ರಿ ಎರಡರವರೆಗೆ ಮೊಬೈಲ್‌ನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದೆ. ಮಾದ್ಲಿ, ಎಣ್ಣೆಗಾಯಿ, ಕೇಕು, ಏನು ಬೇಕಾದರೂ. ರೂಮ್‌ಮೇಟ್‌ಗಳಿಗೆ ಮಿರ್ಚಿ ಭಜಿ ತಂದುಕೊಟ್ಟು ಅವರು ತಿನ್ನುವುದನ್ನು ಎದುರಿಗೆ ಕೂತು ನೋಡುತ್ತಿದ್ದೆ.

ಆ ಶಿಬಿರದಿಂದಲೇ ಎಲ್ಲ ಆಯಿತು ಅಂತ ಹೇಳಲಾರೆ. ಬೀಜ ಮೊದಲೇ ಇತ್ತೇನೋ. ಆದರೆ ನೀರು ಹಾಕಿದ್ದು ಆ ದಿನ.

ಗುಳಿಗೆ ಚೀಟಿ
ಸೋಮವಾರ, ಬೆಳಿಗ್ಗೆ 6:30

ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡ್ಯೂಟಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ.

ಮೂರನೇ ಮಹಡಿ ಅವರು ಹೇಳಿದ ಅಡುಗೆ ವಿಡಿಯೋ ವಿಷಯ ನೋಡಿ. ಅದು ಅವರೊಬ್ಬರ ವಿಚಿತ್ರ ಅಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡುವುದು ಎಂದು ತಿಳಿಯಲು. ಆ ಗಂಡಸರು ಬರೀ ಊಟದ ಬಗ್ಗೆಯೇ ಮಾತಾಡತೊಡಗಿದರು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಸಿಟ್ಟು, ಮಂಕು, ಯಾವಾಗಲೂ ಚಳಿ. ಹೊಟ್ಟೆ ಖಾಲಿ ಇದ್ದಾಗ ತಲೆ ಹೀಗೆಯೇ ಓಡುತ್ತದೆ. ಹಾಗಾಗಿ "ಹಠ ಬಿಡು, ಉಣ್ಣು" ಅನ್ನುವುದರಲ್ಲಿ ಅರ್ಥವಿಲ್ಲ. ಶುರುವಿನಲ್ಲಿ ಹಠ ಇರಬಹುದು. ಆಮೇಲೆ ಅದು ರೋಗ.

ಇನ್ನೊಂದು. ಸೊರಗಿದವರನ್ನು ಮಾತ್ರ ನೋಡಬೇಡಿ. ಅನೊರೆಕ್ಸಿಯಾ ಅಂದರೆ ದಪ್ಪ ಆಗುವ ಹೆದರಿಕೆಗೆ ಊಟ ಬಿಡುವ ಕಾಯಿಲೆ. ಅದರಲ್ಲಿ ತೂಕ ಇಳಿಯುತ್ತದೆ, ಕಣ್ಣಿಗೆ ಬೀಳುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೇ ವಿಪರೀತ ತಿಂದು, ಆಮೇಲೆ ವಾಂತಿ ಮಾಡಿ ಹೊರಹಾಕುತ್ತಾರೆ, ಇಲ್ಲಾ ಭೇದಿ ಗುಳಿಗೆ ನುಂಗುತ್ತಾರೆ. ನೋಡಲು ಎಲ್ಲರ ಹಾಗೇ ಇರುತ್ತಾರೆ. ಕೆನ್ನೆ ಹಿಂದಿನ ಗ್ರಂಥಿ ಊದಿರಬಹುದು, ಹಲ್ಲು ಸವೆದಿರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪುತ್ತದೆ, ಜೀವಕ್ಕೇ ಅಪಾಯ. ಮೂರನೆಯದು ಬರೀ ವಿಪರೀತ ತಿನ್ನುವುದು, ಹೊರಹಾಕುವುದಿಲ್ಲ. ಗುಟ್ಟಾಗಿ, ಒಬ್ಬರೇ ಕೂತು, ಹೊಟ್ಟೆ ನೋಯುವವರೆಗೆ ತಿಂದು ಆಮೇಲೆ ನಾಚಿಕೆಯಲ್ಲಿ ಮುದುಡುವುದು. ಅದೂ ಕಾಯಿಲೆಯೇ. ನಿಮ್ಮ ಮೆಸ್ ಬಾಗಿಲ ಮಷೀನ್ ಈ ಎರಡನೆಯವರನ್ನೂ ಮೂರನೆಯವರನ್ನೂ ಹಿಡಿಯುವುದಿಲ್ಲ. ಮೊದಲನೆಯವರು ಅದರ ಕಣ್ಣು ತಪ್ಪಿಸುವುದನ್ನು ಕಲಿತಿರುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ. 1999ರಲ್ಲಿ ಬ್ರಿಟನ್ನಿನ ವೈದ್ಯರು ಐದು ಪ್ರಶ್ನೆ ಮಾಡಿದ್ದಾರೆ, ಸ್ಕಾಫ್ ಅಂತ ಹೆಸರು. ಹೊಟ್ಟೆ ಭಾರ ಆಯಿತೆಂದು ಬೇಕಂತಲೇ ವಾಂತಿ ಮಾಡಿಕೊಳ್ಳುತ್ತೀಯಾ? ತಿನ್ನುವುದು ನಿನ್ನ ಕೈ ಮೀರಿ ಹೋಗಿದೆ ಅಂತ ಚಿಂತೆ ಆಗುತ್ತದಾ? ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದ್ದೀಯಾ? ಎಲ್ಲರೂ ತೆಳ್ಳಗಿದ್ದೀ ಅಂದರೂ ನಿನಗೆ ದಪ್ಪ ಅಂತಲೇ ಅನ್ನಿಸುತ್ತದಾ? ಊಟದ ಯೋಚನೆಯೇ ನಿನ್ನ ಇಡೀ ದಿನ ಆಳುತ್ತದಾ? ಎರಡಕ್ಕೆ ಹೌದು ಅಂದರೆ ಡಾಕ್ಟರ ಹತ್ತಿರ ಹೋಗಬೇಕು. ರೋಗ ಇದ್ದೇ ಇದೆ ಅಂತಲ್ಲ, ನೋಡಿಸಬೇಕು ಅಷ್ಟೇ. ಇದನ್ನು ಬೋರ್ಡಿಗೆ ಹಚ್ಚಬೇಡಿ. ನಿಮ್ಮ ರೂಮಿನಲ್ಲಿ ಬಾಗಿಲು ಹಾಕಿ, ಚಹಾ ಕೊಟ್ಟು ಕೇಳಿ.

ಆ ರೋಣದ ಹುಡುಗಿಯನ್ನು ಈ ವಾರವೇ ತೋರಿಸಿ. ಬಹಳ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯ, ರಕ್ತದ ಫಾಸ್ಫೇಟ್ ದಿಢೀರ್ ಕುಸಿಯುತ್ತದೆ. ಯಾರಿಗಾದರೂ ತಲೆ ಸುತ್ತಿ ಬಿದ್ದರೆ, ಎದೆ ಡವಡವ ಅಂದರೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಖಡಕ್ ರೊಟ್ಟಿ
ಸೋಮವಾರ, ಬೆಳಿಗ್ಗೆ 8:05

ಎಲ್ಲ ಸರಿ ಡಾಕ್ಟರೇ. ಆದರೆ ಇದು ಬೆಂಗಳೂರು, ಮುಂಬೈ ಕಡೆ ದುಡ್ಡಿದ್ದವರ ರೋಗ ಅಲ್ವಾ? ನಮ್ಮಲ್ಲಿ ಹೊಟ್ಟೆಗಿಲ್ಲದೆ ಓದುವವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಸಪ್ತಾಪುರ ರೂಮ್
ಸೋಮವಾರ, ಮಧ್ಯಾಹ್ನ 1:20

ಖಡಕ್ ಸರ್ ಹೇಳಿದ ಎರಡನೇ ಮಾತಿಗೆ ನಾನೇ ಸಾಕ್ಷಿ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಪಿಎಸ್ಐ, ಕೆಎಎಸ್ ಅಂತ ಓದುವವರಲ್ಲಿ ಒಂದು ಹೊತ್ತು ಬಿಡುವವರು ಎಷ್ಟು ಜನ ಬೇಕು? ರೂಮ್ ಬಾಡಿಗೆ, ಲೈಬ್ರರಿ ಫೀ, ಕೋಚಿಂಗ್ ಫೀ ಕಟ್ಟಿದ ಮೇಲೆ ಉಳಿದಿದ್ದು ಊಟಕ್ಕೆ. ಊರಿನಿಂದ ದುಡ್ಡು ಕೇಳಲು ನಾಚಿಕೆ. ವಯಸ್ಸು 27 ಆಗಿದೆ.

ಮೊದಲನೇ ಮಾತು ತಪ್ಪು. ನಾನು ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಇಲ್ಲ, ಹೀಗೆ ವರ್ಷ ಕಳೆದೆ. ಶುರುವಾಗಿದ್ದು ದುಡ್ಡಿಲ್ಲದೆ. ರಾತ್ರಿ ಹನ್ನೊಂದಕ್ಕೆ ಹಸಿವು ಕಟ್ಟೆ ಒಡೆದು ಬರುತ್ತಿತ್ತು. ಎರಡು ಪ್ಲೇಟ್ ಗಿರ್ಮಿಟ್, ಬ್ರೆಡ್ ಪ್ಯಾಕ್, ರೂಮ್‌ಮೇಟ್‌ನ ಶೇಂಗಾ ಉಂಡಿ, ಕೈಗೆ ಸಿಕ್ಕಿದ್ದೆಲ್ಲ. ರುಚಿ ಗೊತ್ತಾಗುತ್ತಿರಲಿಲ್ಲ. ಮರುದಿನ ಅವಮಾನ, ಇವತ್ತು ಏನೂ ತಿನ್ನಬಾರದು ಅಂತ ಶಪಥ. ಮತ್ತೆ ರಾತ್ರಿ ಅದೇ. ನಂತರ ದುಡ್ಡು ಬಂತು, ಪಾರ್ಟ್ ಟೈಮ್ ಸಿಕ್ಕಿತು. ಅಭ್ಯಾಸ ಹೋಗಲಿಲ್ಲ. ಬಡತನದಿಂದ ಶುರುವಾಗಿದ್ದು ದುಡ್ಡು ಬಂದ ಮೇಲೂ ಬಿಡದಿದ್ದರೆ ಅದಕ್ಕೆ ಏನನ್ನಬೇಕು ಹೇಳಿ?

ನನ್ನನ್ನು ಉಳಿಸಿದ್ದು ಒಬ್ಬ ಡಾಕ್ಟರು ಹೇಳಿದ ಬಹಳ ಬೋರಿಂಗ್ ಸಲಹೆ. ಹಸಿವಾಗಲಿ ಬಿಡಲಿ, ಮೂರು ಹೊತ್ತೂ ಟೈಮಿಗೆ ಸರಿಯಾಗಿ ಉಣ್ಣು, ನಿನ್ನೆ ಎಷ್ಟೇ ತಿಂದಿದ್ದರೂ ಇವತ್ತಿನ ನಾಷ್ಟಾ ಬಿಡಬೇಡ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ಎರಡು ತಿಂಗಳು ಅಲ್ಲೇ. ರಾತ್ರಿ ದಾಳಿ ತಾನಾಗಿ ಕಡಿಮೆ ಆಯಿತು.

ಗುಳಿಗೆ ಚೀಟಿ
ಸೋಮವಾರ, ಮಧ್ಯಾಹ್ನ 2:10

ದುಡ್ಡಿದ್ದವರ ರೋಗ ಅಂದವರಿಗೆ ಫಿಜಿ ಎಂಬ ದ್ವೀಪ ದೇಶದ ಕಥೆ ಹೇಳಬೇಕು. ಅಲ್ಲಿ ಮೈತುಂಬಿಕೊಂಡಿದ್ದರೇ ಚೆಂದ, ಊಟ ಮಾಡು ಮಾಡು ಅಂತ ಒತ್ತಾಯ ಮಾಡುವುದೇ ಮರ್ಯಾದೆ. ಥೇಟ್ ನಮ್ಮ ಕಡೆಯ ಹಾಗೆ. ನದ್ರೊಗ ಎಂಬ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗಲೇ ಶಾಲೆಯ ಹುಡುಗಿಯರನ್ನು ಕೇಳಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ 100ಕ್ಕೆ 11 ಹುಡುಗಿಯರು ಹೌದು ಅಂದರು. ಮೂರೇ ವರ್ಷ. ಅದೂ ಬರೀ ಟಿವಿ. ನಮ್ಮ ಮಕ್ಕಳ ಕೈಯಲ್ಲಿ ಇಪ್ಪತ್ನಾಲ್ಕು ತಾಸೂ ರೀಲ್ಸ್ ಇದೆ.

ಗರಡಿ ಹುಡುಗ
ಸೋಮವಾರ, ರಾತ್ರಿ 8:45

ಬರೀ ಹುಡುಗಿಯರ ಮಾತಾಯಿತು. ಹುಡುಗರದ್ದೂ ಇದೆ ಅಕ್ಕಾರೆ.

ನಾನು ಗರಡಿ ಮನೆಯಲ್ಲಿ ಬೆಳೆದವನು. ಕಾಲೇಜು ಟೂರ್ನಮೆಂಟಿಗೆ ತೂಕದ ಗುಂಪಿಗೆ ಇಳಿಯಬೇಕು ಅಂತ ಎರಡು ದಿನ ನೀರೂ ಬಿಟ್ಟಿದ್ದೇನೆ. ತೂಕ ನೋಡಿದ ಮೇಲೆ ಸಿಕ್ಕಿದ್ದೆಲ್ಲ ತಿನ್ನುವುದು. ಉಸ್ತಾದರಿಗೆ ಗೊತ್ತಾದಾಗ ಬೈದರು, ಮೇಲಿನ ಗುಂಪಿನಲ್ಲಿ ಸೋತರೂ ಅಡ್ಡಿಯಿಲ್ಲ ಅಂದರು. ಎಲ್ಲ ಕೋಚ್‌ಗಳೂ ಹಾಗಿರುವುದಿಲ್ಲ. ಈಗ ಜಿಮ್‌ಗೆ ಹೋಗುವ ತಮ್ಮಂದಿರನ್ನು ನೋಡುತ್ತೇನೆ. ಅವ್ವ ಮಾಡಿದ ಹೋಳಿಗೆ ಮುಟ್ಟುವುದಿಲ್ಲ, ಪ್ರೋಟೀನ್ ಪುಡಿ ಡಬ್ಬಿ ಮಾತ್ರ. ತೋಳು ಇಷ್ಟು ದಪ್ಪ ಇದ್ದರೂ ಕನ್ನಡಿಯಲ್ಲಿ ಕಡ್ಡಿ ಹಾಗೆ ಕಾಣುತ್ತದಂತೆ. ಯಾರೂ ಅದನ್ನು ರೋಗ ಅನ್ನುವುದಿಲ್ಲ. ಡೆಡಿಕೇಶನ್ ಅಂತಾರೆ.

ಬ್ಯಾಡಗಿ ಅವ್ವ
ಮಂಗಳವಾರ, ಬೆಳಿಗ್ಗೆ 10:30

ನನ್ನ ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊದಲನೆಯ ಪೋಸ್ಟ್ ಓದಿ ಎದೆ ಧಸಕ್ ಅಂತು. ದೀಪಾವಳಿಗೆ ಬಂದಾಗ ತಾಟಿನಲ್ಲಿ ರೊಟ್ಟಿ ಚೂರು ಚೂರು ಮಾಡಿ ಪಲ್ಯದ ಕೆಳಗೆ ಮುಚ್ಚಿಟ್ಟಿದ್ದಳು. ಸಣ್ಣವಳಿದ್ದಾಗಲೂ ಹಾಗೆ ಮಾಡುತ್ತಿದ್ದಳಲ್ಲ ಅಂತ ಸುಮ್ನೆ ಆದೆ. ಈಗ ಏನು ಮಾಡಲಿ? ಬೈಯಲಾ? ಅವರ ಅಪ್ಪಗ ಹೇಳಲಾ? "ಧಾರವಾಡಕ್ಕ ತೋರಸ್ರಿ" ಅಂದರೆ ಓಣಿಯವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ, ಹುಚ್ಚಿನ ಆಸ್ಪತ್ರೆಗೇ ಅಂತ.

ಮೂರನೇ ಮಹಡಿ
ಮಂಗಳವಾರ, ಬೆಳಿಗ್ಗೆ 11:05

ಅವ್ವಾರೆ, ಬೈಯಬೇಡಿ. ತೂಕದ ಮಾತು ಎತ್ತಬೇಡಿ. "ಸೊರಗಿ ಕಡ್ಡಿ ಆಗಿ" ಅಂತ ಅತ್ತರೆ, ಆ ರೋಗಕ್ಕೆ ಅದೇ ಹೊಗಳಿಕೆ. "ಚಲೋ ಮೈ ಹಿಡದಿ" ಅಂದರೆ ಮರುದಿನದಿಂದ ಮತ್ತೆ ಊಟ ಬಂದ್. ಎರಡೂ ಬೇಡ.

ನಮ್ಮ ಅವ್ವ ಮಾಡಿದ್ದು ಹೇಳುತ್ತೇನೆ. ಒಂದು ದಿನ ಕಾಳು ಆರಿಸುತ್ತಾ ಕೂತಿದ್ದರು. ನನ್ನ ಮುಖ ನೋಡದೆ, "ನೀ ಉಣ್ಣಾಕ ಹೆದರತೀ ಅಂತ ಅನಸತೈತಿ ನನಗ. ಯಾಕಂತ ನನಗ ತಿಳಿವಲ್ತು. ಆದ್ರ ನಿನ್ನ ಬಾಜೂ ಕೂಡತೇನಿ" ಅಂದರು. ನಾನು ಎದ್ದು ಹೋದೆ. ಬಾಗಿಲು ಬಡಿದೆ. ಆದರೂ ಅವತ್ತಿನಿಂದ ದಿನಾ ಪಕ್ಕದಲ್ಲೇ ಕೂತರು. ಒಂದು ರೊಟ್ಟಿಗೆ ಮುಕ್ಕಾಲು ತಾಸು ಹಿಡಿದರೂ ಕೂತರು. ಆಗ ಟಿವಿಯಲ್ಲಿ ಯಾವುದೋ ಸೀರಿಯಲ್. ಕಥೆ ಇವತ್ತಿಗೂ ಬಾಯಿಪಾಠ ನನಗೆ.

ಗುಳಿಗೆ ಚೀಟಿ
ಮಂಗಳವಾರ, ಮಧ್ಯಾಹ್ನ 3:00

ಇದನ್ನೇ ನಾವು ಕುಟುಂಬ ಆಧಾರಿತ ಚಿಕಿತ್ಸೆಯಲ್ಲಿ ಹೇಳಿಕೊಡುತ್ತೇವೆ, ಇನ್ನೂ ಅಪ್ಪ ಅಮ್ಮನ ಆಸರೆಯಲ್ಲಿರುವ ಮಕ್ಕಳಿಗೆ. ನಿಮ್ಮ ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬ್ಯಾಡಗಿ ಅವ್ವಾರೆ, "ಧಾರವಾಡಕ್ಕ ಕಳಸಬೇಕು" ಅನ್ನುವ ಚೇಷ್ಟೆ ಮಾತು ನಮಗೂ ಹಳೆಯದು. ಬ್ರಿಟಿಷರ ಕಾಲದ ಆ ಆಸ್ಪತ್ರೆಯೇ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ. ಓಪಿಡಿಯಲ್ಲಿ ನಿದ್ದೆ ಬರದವರು, ಪರೀಕ್ಷೆ ಭಯದವರು, ತಲೆನೋವಿನವರು ಎಲ್ಲರೂ ಕೂತಿರುತ್ತಾರೆ. ಬೇಡ ಅನ್ನಿಸಿದರೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಮೊದಲು ಬರೀ ಮಾತಾಡಬೇಕು ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ವಾರ್ಡನ್ ಮೇಡಮ್, ಭಾಷಣದ ವಿಷಯ ಬಿಟ್ಟುಹೋಗಿತ್ತು. ಎಲುಬು ಕಾಣುವ ಫೋಟೋ, ಯಾರು ಏನು ನುಂಗಿದರು ಅನ್ನುವ ವಿವರ ಇರುವ ಸ್ಲೈಡ್ ಬೇಡ. ಹೆದರಿಸಲು ಹೋಗಿ ದಾರಿ ತೋರಿಸಿದ ಹಾಗೆ ಆಗುತ್ತದೆ. ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಪರೀಕ್ಷೆ ಆಗಿರುವುದು ಬೇರೆ ಒಂದು ವಿಧಾನ. ಅಮೆರಿಕದ ಎರಿಕ್ ಸ್ಟೈಸ್ ಮತ್ತು ಜೊತೆಗಾರರದ್ದು, ಬಾಡಿ ಪ್ರಾಜೆಕ್ಟ್ ಅಂತ. ಹುಡುಗಿಯರು ಸಣ್ಣ ಗುಂಪಾಗಿ ಕೂತು, ತೆಳ್ಳಗಿದ್ದರೇ ಚೆಂದ ಅನ್ನುವ ಮಾತಿನ ವಿರುದ್ಧ ತಾವೇ ವಾದ ಮಾಡುತ್ತಾರೆ. ತಮಗಿಂತ ಸಣ್ಣ ಹುಡುಗಿಗೆ ಇದರ ಬಗ್ಗೆ ಪತ್ರ ಬರೆಯುತ್ತಾರೆ. ಬಾಯಿಬಿಟ್ಟು ಒಂದು ಮಾತು ಹೇಳಿದ ಮೇಲೆ ಅದಕ್ಕೆ ಉಲ್ಟಾ ನಡೆಯುವುದು ಮನಸ್ಸಿಗೆ ಕಷ್ಟ, ಅದೇ ಇದರ ಕೀಲಿ. ನಡೆಸಲು ಡಾಕ್ಟರೇ ಬೇಕಿಲ್ಲ, ತರಬೇತಿ ಪಡೆದ ಸೀನಿಯರ್ ಹುಡುಗಿಯರು ಸಾಕು.

ಪಾಠ ಹೇಳುವವ
ಮಂಗಳವಾರ, ಸಂಜೆ 6:15

ಸುಮ್ನೆ ಓದುತ್ತಿದ್ದೆ, ಒಂದು ಮಾತು ಸೇರಿಸುತ್ತೇನೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಇಲ್ಲವೇ ಸೋಶಿಯಲ್ ವರ್ಕರ್ ಆದರೂ ಇರಬೇಕು. ಮಷೀನ್ ಕೊಂಡ ಕಾಲೇಜಿಗೆ ಇದನ್ನು ಪ್ರಿಂಟ್ ತೆಗೆದು ಕೊಡಿ ಮೇಡಮ್. ಬಾಯಿಮಾತಿಗಿಂತ ಕಾಗದಕ್ಕೆ ಆಫೀಸಿನವರು ಬೇಗ ಎದ್ದು ನಿಲ್ಲುತ್ತಾರೆ.

ಹಾಸ್ಟೆಲ್ ಅಕ್ಕ
ಐದು ವಾರದ ನಂತರ, ಭಾನುವಾರ ಸಂಜೆ

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಕೇಳಿ ಮೆಸೇಜ್ ಮಾಡಿದವರಿಗೆಲ್ಲ ಇಲ್ಲೇ ಉತ್ತರ.

ಮಷೀನ್ ಈಗ ಸಿಕ್ ರೂಮಿನ ಕಪಾಟಿನಲ್ಲಿದೆ. ಕೀಲಿ ನನ್ನ ಹತ್ತಿರ. ಪಟ್ಟಿ ಹಚ್ಚಲಿಲ್ಲ. ಇದಕ್ಕೆ ಜಗಳ ಆಡಬೇಕಾಯಿತು, ಆ ಕಥೆ ಬೇಡ. ಕೌನ್ಸೆಲರ್ ಗುರುವಾರ ಗುರುವಾರ ಬರುತ್ತಾರೆ, ಸದ್ಯಕ್ಕೆ ಅಷ್ಟೇ.

ಮೆಸ್‌ನಲ್ಲಿ ಒಂದು ವಿಷಯ ಗೊತ್ತಾಯಿತು, ನನಗೇ ನಾಚಿಕೆ ಆಯಿತು. ಲ್ಯಾಬ್ ಇದ್ದ ದಿನ ಹುಡುಗಿಯರು ಬರುವುದು ಎರಡೂವರೆಗೆ. ನಾವು ಮೆಸ್ ಬಾಗಿಲು ಹಾಕುವುದು ಎರಡಕ್ಕೆ. ವಾರಕ್ಕೆ ಮೂರು ದಿನ ಮೂವತ್ತು ಜನಕ್ಕೆ ಮಧ್ಯಾಹ್ನದ ಊಟವೇ ಇಲ್ಲ. ಇಷ್ಟು ವರ್ಷ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟ ಬಿಡುವುದನ್ನು ನಾವೇ ಟೈಮ್‌ಟೇಬಲ್ ಹಾಕಿ ಕಲಿಸಿದ ಹಾಗಾಯಿತು. ಈಗ ಮೂರರವರೆಗೆ ತೆರೆದಿರುತ್ತದೆ. ಬಡಿಸುವ ಅಕ್ಕಂದಿರಿಗೆ "ಇಷ್ಟ ತಿಂತೀ?", "ಇಷ್ಟ ಸಾಕಾ?" ಎರಡನ್ನೂ ಕೇಳಬೇಡಿ ಅಂದಿದ್ದೇನೆ. ಒಬ್ಬರಿಗೆ ಮಾತ್ರ ಅಭ್ಯಾಸ ಬಿಡುತ್ತಿಲ್ಲ.

ರೋಣದ ಹುಡುಗಿ. ಅವಳಿಗೆ ಮೊದಲೇ ಹೇಳಿ, ಅವಳ ಎದುರಿಗೇ ಅವ್ವನಿಗೆ ಫೋನ್ ಮಾಡಿದೆ. ಅವರು ಬುತ್ತಿ ಬರುವ ಬಸ್ಸಿನಲ್ಲೇ ಬಂದರು. ಮೂವರೂ ಆಸ್ಪತ್ರೆಗೆ ಹೋದೆವು. ಮೊದಲ ಹತ್ತು ದಿನ ಅಡ್ಮಿಟ್ ಆಗಿದ್ದಳು. ಈಗ ವಾರಕ್ಕೊಮ್ಮೆ ಹೋಗಿ ಬರುತ್ತಾಳೆ. ನಡುವೆ ಒಮ್ಮೆ ತಪ್ಪಿಸಿದಳು, ಜಗಳವೂ ಆಯಿತು. ಇಷ್ಟರಲ್ಲೇ ಸರಿ ಹೋಗುವುದಿಲ್ಲ, ವರ್ಷವೂ ಹಿಡಿಯಬಹುದು ಅಂದಿದ್ದಾರೆ. ಇದನ್ನು ಇಲ್ಲಿ ಬರೆಯಲಾ ಅಂತ ಅವಳನ್ನೇ ಕೇಳಿದೆ. "ಊರಿನ ಹೆಸರ ಬರೀರಿ, ನನ್ನ ಹೆಸರ ಬ್ಯಾಡ" ಅಂದಳು.

ಹೋದ ಸೋಮವಾರ ಡಬ್ಬಿ ವಾಪಸ್ ಹೋಗುವಾಗ ನೋಡಿದೆ. ತೊಳೆದಿರಲಿಲ್ಲ. ಎರಡು ರೊಟ್ಟಿ, ಅರ್ಧ ಡಬ್ಬಿ ಮೊಸರು ಹಾಗೆಯೇ ಉಳಿದಿತ್ತು. ಸಂಜೆ ಅವರ ಅವ್ವ ಫೋನ್ ಮಾಡಿದರು. ಬೇಜಾರಾಗಿರಬೇಕು ಅಂದುಕೊಂಡು ಎತ್ತಿದೆ. "ಮ್ಯಾಡಮ್, ಮಸರು ಹುಳಿ ಬಂದಿತ್ತೇನ್ರಿ? ಈ ಸಲ ಸ್ವಲ್ಪ ಕಳಸ್ತೇನಿ" ಅಂದರು.

ಖಡಕ್ ರೊಟ್ಟಿ
ಭಾನುವಾರ, ರಾತ್ರಿ 10:20

ಸಾರಿನಲ್ಲಿ ಬೇಳೆ ಹಾಕ್ತಿದ್ದಾರಾ ಈಗ?

ಹಾಸ್ಟೆಲ್ ಅಕ್ಕ
ಭಾನುವಾರ, ರಾತ್ರಿ 10:24

ಒಂದು ದಿನ ಬಂದು ಉಂಡು ಹೋಗಿ ಸರ್. ಮೂರರ ಒಳಗೆ ಬನ್ನಿ.